ಖಾಲಿಯಂತೆ ಕಾಣುವ ಸೀಸೆ: ಎಫ್‌ಜಿಎಫ್-2 ತರಿಸುವವರಿಗೆ ಒಂದು ಎಚ್ಚರಿಕೆ

ಕಾರವಾರದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಕುರುಡಿ ಎಂಬ ಮೀನಿನ ರೆಕ್ಕೆಯಿಂದ ಜೀವಕೋಶಗಳನ್ನು ಬೆಳೆಸುವ ಕೆಲಸ ನಡೆಯುತ್ತಿದೆ. ಅವು ಬೇಗ ವಿಭಜನೆಗೊಳ್ಳಲಿ ಎಂದು ಕಳೆದ ಮಳೆಗಾಲದಲ್ಲಿ 50 ಮೈಕ್ರೋಗ್ರಾಂ ಮಾನವ ಎಫ್‌ಜಿಎಫ್-2 ಪ್ರೋಟೀನನ್ನು ತರಿಸಿ, ಒಂದೇ ಮಧ್ಯಾಹ್ನದಲ್ಲಿ ಕೈಯಾರೆ ಹಾಳುಮಾಡಿಕೊಂಡೆವು. ಹಾಳಾಗಿದೆ ಎಂದು ತಿಳಿಯಲು ಮಾತ್ರ ಏಳು ವಾರ ಹಿಡಿಯಿತು. ಇಂಥ ಪ್ರೋಟೀನನ್ನು ಮೊದಲ ಸಲ ತರಿಸುವವರಿಗಾಗಿ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಎಫ್‌ಜಿಎಫ್-2 ಎಂಬುದು ಕೋಶದ ಹೊರಮೈಯ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡು, ವಿಭಜನೆಯ ಸಂಕೇತವನ್ನು ಒಳಕ್ಕೆ ದಾಟಿಸುವ, ಸುಮಾರು 17 ಕಿಲೋಡಾಲ್ಟನ್ ತೂಕದ ಪ್ರೋಟೀನು. ಹೆಸರಿನಲ್ಲಿ ಮಾನವ ಎಂದಿದ್ದರೂ ಅದನ್ನು ಮನುಷ್ಯರಿಂದ ತೆಗೆಯುವುದಿಲ್ಲ. ಮಾನವ ಜೀನನ್ನು ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದಲೇ ಮಾಡಿಸಿ, ಶುದ್ಧಗೊಳಿಸಿ, ಒಣಪುಡಿಯಾಗಿ ಮಾರುತ್ತಾರೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾನವ ಇನ್ಸುಲಿನ್ ಬಂದದ್ದೂ ಇದೇ ದಾರಿಯಿಂದ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಎಫ್‌ಜಿಎಫ್-2ರ ರಚನೆ ಹೆಚ್ಚು ಬದಲಾಗಿಲ್ಲವಾದ್ದರಿಂದ ಮೀನಿನ ಕೋಶಗಳಿಗೂ ಮಾನವನದ್ದನ್ನೇ ಹಾಕುವ ರೂಢಿಯಿದೆ.

ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದಿದ್ದರಿಂದ ಬೆಂಗಳೂರಿನಿಂದ ಹೊರಟ ಡಬ್ಬಿ ಮೂರು ದಿನ ತಡವಾಗಿ ಬಂತು. ಒಳಗಿನ ಐಸ್ ಪ್ಯಾಕುಗಳು ಕರಗಿ ಬೆಚ್ಚಗಾಗಿದ್ದವು. ಮಾಲು ಕೆಟ್ಟಿದೆಯೆಂದು ಆ ಗಳಿಗೆಯಲ್ಲೇ ಮಾರಾಟಗಾರರಿಗೆ ಖಾರವಾಗಿ ಬರೆದೆ. ಒಣಪುಡಿಯಾಗಿರುವಷ್ಟು ಕಾಲ ಅದು ಕೆಲವು ದಿನದ ಸೆಕೆಯನ್ನು ತಡೆದುಕೊಳ್ಳುತ್ತದೆ ಎಂದು ಅವರು ಉತ್ತರಿಸಿದರು. ನಾನು ನಂಬಲಿಲ್ಲ, ಆದರೆ ಅವರು ಹೇಳಿದ್ದೇ ಸರಿಯಾಗಿತ್ತು. ದಾರಿಯಲ್ಲಿ ಕೆಡದೆ ಬಂದದ್ದು ನಮ್ಮ ಮೇಜಿನ ಮೇಲೆ ಕೆಟ್ಟಿತು.

ಕಾರವಾರದ ಜುಲೈ ತಿಂಗಳಲ್ಲಿ ಫ್ರಿಜ್ಜಿನಿಂದ ತೆಗೆದ ಸೀಸೆ ನಿಮಿಷದೊಳಗೆ ಬೆವರುತ್ತದೆ. ಅದು ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆರೆಯಬಾರದು, ತೆರೆದರೆ ಗಾಳಿಯ ತೇವವೆಲ್ಲ ಪುಡಿಗೆ ಇಳಿಯುತ್ತದೆ. ನಾನು ತಣ್ಣಗಿರುವಾಗಲೇ ತೆರೆದೆ. ಪಕ್ಕದಲ್ಲಿದ್ದ ಸಹಾಯಕಿ ಬಗ್ಗಿ ನೋಡಿ, “ಮೇಡಂ, ಇದು ಖಾಲಿ ಉಂಟಲ್ಲ” ಎಂದಳು. 50 ಮೈಕ್ರೋಗ್ರಾಂ ಎಂದರೆ ಕಣ್ಣಿಗೆ ಬೀಳದಷ್ಟು ತೆಳುವಾದ ಪೊರೆ. ಸಾಗಣೆಯ ಕುಲುಕಾಟಕ್ಕೆ ಅದು ಎದ್ದು ಮುಚ್ಚಳದ ಒಳಬದಿಗೆ ಅಂಟಿರುವುದುಂಟು. ಆದ್ದರಿಂದಲೇ ತೆರೆಯುವ ಮೊದಲು ಸೀಸೆಯನ್ನು ಸೆಂಟ್ರಿಫ್ಯೂಜಿನಲ್ಲಿ ಅರೆನಿಮಿಷ ತಿರುಗಿಸಿ ಪುಡಿಯನ್ನು ತಳಕ್ಕಿಳಿಸಬೇಕು. ಪ್ರೋಟೀನಿನ ಎಷ್ಟು ಪಾಲು ಆ ಮುಚ್ಚಳದೊಂದಿಗೆ ಕಸದ ಡಬ್ಬಿ ಸೇರಿತೋ ದೇವರೇ ಬಲ್ಲ.

ಇದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಇಂಥ ಪ್ರೋಟೀನುಗಳು ಬಿಎಸ್‌ಎ ಎನ್ನುವ ಹಸುವಿನ ಆಲ್ಬುಮಿನ್ ಪ್ರೋಟೀನು ಬೆರೆತೂ ಸಿಗುತ್ತವೆ, ಬೆರೆಸದೆಯೂ ಸಿಗುತ್ತವೆ. ಬೆರಕೆಯಿಲ್ಲದ್ದು ಶ್ರೇಷ್ಠವಿರಬೇಕೆಂದು, ಹಾಲು ಕೊಳ್ಳುವ ಬುದ್ಧಿಯಲ್ಲಿ, ನಾವು ಎರಡನೆಯದನ್ನು ತರಿಸಿದ್ದೆವು. ಅದನ್ನು ಬರಿಯ ಶುದ್ಧ ನೀರಿನಲ್ಲಿ, ಲೆಕ್ಕ ಸುಲಭವಾಗಲೆಂದು, ಒಂದೇ ಏಟಿಗೆ 10 ಮಿಲಿಲೀಟರಿಗೆ ಕರಗಿಸಿದೆವು. ಅಂದರೆ ಮಿಲಿಲೀಟರಿಗೆ 5 ಮೈಕ್ರೋಗ್ರಾಂ. ಅಷ್ಟು ತೆಳುವಾದ ದ್ರಾವಣದಲ್ಲಿ, ಕಾವಲಿಗೆ ಬೇರೆ ಪ್ರೋಟೀನು ಇಲ್ಲದಿರುವಾಗ, ಇದ್ದಬದ್ದ ಅಣುಗಳು ಪ್ಲಾಸ್ಟಿಕ್ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಪಿಪೆಟ್ಟಿಗೆ ಬರುವುದು ಬಹುಪಾಲು ನೀರು.

ಉಳಿದದ್ದನ್ನೂ ನಾವು ಬಿಡಲಿಲ್ಲ. ಒಂದೇ ಕೊಳವೆಯಲ್ಲಿ ಹೆಪ್ಪುಗಟ್ಟಿಸಿ, ಎರಡು ದಿನಕ್ಕೊಮ್ಮೆ ಕರಗಿಸಿ, ಬೇಕಾದಷ್ಟು ತೆಗೆದು ಮತ್ತೆ ಇಟ್ಟೆವು. ಇಟ್ಟದ್ದು ಮನೆಬಳಕೆಯ ಮಾದರಿಯ, ಮಂಜುಗಡ್ಡೆ ಕಟ್ಟದ ಫ್ರಿಜ್ಜಿನಲ್ಲಿ. ಅದು ಮಂಜನ್ನು ಕರಗಿಸಲೆಂದೇ ಆಗಾಗ ತನ್ನನ್ನು ತಾನು ಬಿಸಿಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದಂತೂ ಇದ್ದೇ ಇದೆ.

ಕೋಶಗಳು ಬೆಳೆಯದಿದ್ದಾಗ ಅವುಗಳ ಪೋಷಣೆಗೆ ಹಾಕುವ ಸೀರಮ್ಮನ್ನು ದೂರಿದೆವು, ಮೀನನ್ನು ದೂರಿದೆವು, ಸಹಾಯಕಿಯ ಕೈಯನ್ನೂ ದೂರಿದೆವು, ಅದು ಈಗ ನಾಚಿಕೆಯ ಸಂಗತಿ. ಕೊನೆಗೆ ನಮ್ಮ ಸರ್ ಹೇಳಿದಂತೆ, ಎಫ್‌ಜಿಎಫ್ ಹಾಕಿದ ಮೂರು ಫ್ಲಾಸ್ಕುಗಳನ್ನೂ ಹಾಕದ ಮೂರನ್ನೂ ಜೊತೆಗಿಟ್ಟು ಎಣಿಸಿದಾಗ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಈ ಪರೀಕ್ಷೆಯನ್ನು ಮೊದಲ ವಾರವೇ ಮಾಡಬೇಕಿತ್ತು.

ಎರಡನೆಯ ಸೀಸೆಯನ್ನು ತಿರುಗಿಸಿ, ತಣಿವು ಬಿಟ್ಟ ಮೇಲೆ ತೆರೆದು, ಜೊತೆಗೆ ಬಂದ ಹಾಳೆಯಲ್ಲಿದ್ದಂತೆ ಮೊದಲು 500 ಮೈಕ್ರೋಲೀಟರಿನಲ್ಲಿ, ಅಂದರೆ ಅರ್ಧ ಮಿಲಿಲೀಟರಿನಲ್ಲಿ, ಕರಗಿಸಿ, ಆಮೇಲೆ ಶೇ 0.1ರಷ್ಟು ಬಿಎಸ್‌ಎ ಇರುವ ಬಫರಿನಲ್ಲಿ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣದಲ್ಲಿ) ತೆಳುಮಾಡಿ, ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಪುಟ್ಟ ಕೊಳವೆಗಳಿಗೆ ಹಂಚಿ, ಮೈನಸ್ 80 ಡಿಗ್ರಿಯ ಫ್ರೀಜರ್ ಇರುವ ಗೆಳತಿಯೊಬ್ಬಳ ಪ್ರಯೋಗಾಲಯದಲ್ಲಿ ಇಟ್ಟೆವು. ಕೋಶಗಳನ್ನು ಬೆಳೆಸುವ ಪೋಷಕ ದ್ರವವಾದ ಮಾಧ್ಯಮಕ್ಕೆ ಅದನ್ನು ಆಯಾ ದಿನವೇ ಬೆರೆಸುತ್ತೇವೆ, ಏಕೆಂದರೆ 37 ಡಿಗ್ರಿಯಲ್ಲಿ ಎಫ್‌ಜಿಎಫ್-2 ಒಂದು ದಿನದೊಳಗೇ ಬಹಳಷ್ಟು ಸತ್ವ ಕಳೆದುಕೊಳ್ಳುತ್ತದೆ. ನಮ್ಮ ಮೀನಿನ ಕೋಶಗಳು 28 ಡಿಗ್ರಿಯಲ್ಲಿದ್ದರೂ ಧೈರ್ಯ ಸಾಲದು. ಆ ಹಾಳೆ ಮೊದಲ ಡಬ್ಬಿಯಲ್ಲೂ ಇತ್ತು. ಒದ್ದೆಯಾಗಿ ಮಡಚಿಕೊಂಡಿದ್ದ ಅದನ್ನು ಬಿಡಿಸಿ ಓದದೆಯೇ ಬಿಲ್ಲಿನ ಜೊತೆ ಫೈಲಿಗೆ ಹಾಕಿದ್ದೆ.