ತೂಕದ ಕಾಟಾದ ಚಿಪ್‌ನಲ್ಲಿ ರೀಡ್ ಪ್ರೊಟೆಕ್ಷನ್ ತೆಗೆಯುವ ಮೊದಲು ಇದನ್ನು ಓದಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ ಕಾಟಾ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಹೋದ ತಿಂಗಳು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿಯೊಬ್ಬರು, ನಮ್ಮ ಅಥಣಿ ಕಡೆಯವರು, ಏಳು ಕಾಟಾ ತಂದಿಟ್ಟರು. ಡಿಸ್‌ಪ್ಲೇ ನಡುನಡುವೆ ನಿಂತುಬಿಡುತ್ತಿತ್ತು. ಅದಕ್ಕೆಂದೇ ಬಂದಿದ್ದ ಹೊಸ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪ್ರೋಗ್ರಾಂ) ನನ್ನ ಹತ್ತಿರ ಇತ್ತು.

ಒಳಗಿದ್ದದ್ದು ಎಸ್‌ಟಿಎಂ32 ಎಫ್103 ಎಂಬ ಮೈಕ್ರೋಕಂಟ್ರೋಲರ್ ಚಿಪ್, ಪ್ರೋಗ್ರಾಂ ಕೂರುವ ಫ್ಲ್ಯಾಶ್ ಮೆಮೊರಿ 64 ಕೆಬಿ. ಚಿಪ್‌ಗೆ ಪ್ರೋಗ್ರಾಂ ಬರೆಯುವ ಸಾಧನ ಎಸ್‌ಟಿ-ಲಿಂಕ್ ಸಿಕ್ಕಿಸಿದೆ. ರೀಡ್ ಪ್ರೊಟೆಕ್ಷನ್ (ಒಳಗಿನದನ್ನು ಹೊರಗಿನವರು ಓದದಂತೆ ಹಾಕಿದ ಬೀಗ) ಇದೆ ಎಂದಿತು, ತೆಗೆದೆ. ಫೈಲ್ ಬರೆದೆ, ವೆರಿಫೈ ಪಾಸಾಯಿತು, ಡಿಸ್‌ಪ್ಲೇ ಹೊತ್ತಿಕೊಂಡು ಸೊನ್ನೆ ತೋರಿಸಿತು. ಬಟ್ಟು ಇಟ್ಟು ನೋಡದೆ ಏಳನ್ನೂ ಹಾಗೇ ಮುಗಿಸಿದೆ.

ತೂಕ-ಅಳತೆ ಇಲಾಖೆಯ ಮುದ್ರೆಗೆ ಒಯ್ಯುವ ಮುಂಚೆ ವ್ಯಾಪಾರಿಗಳೇ 20 ಕೆಜಿ ಬಟ್ಟು ಇಟ್ಟರು. “ತಮ್ಮಾ, ಇದು ಹದಿಮೂರು ತೋರಸಾಕತ್ತೈತಲ್ಲೋ. ಮೊದಲು ತೂಕ ಆದ್ರೂ ಸರಿ ಇತ್ತಲ್ಲ!” ಏಳು ಕಾಟಾಗಳೂ ಒಂದೊಂದು ಲೆಕ್ಕ ಹೇಳುತ್ತಿದ್ದವು.

ಆದದ್ದು ಇಷ್ಟು. ಪ್ರತಿ ಲೋಡ್ ಸೆಲ್ಲಿಗೂ (ಭಾರ ಅಳೆಯುವ ಸೆನ್ಸರ್) ಅದರದೇ ಕ್ಯಾಲಿಬ್ರೇಷನ್ ಅಂಕಿ, ಅಂದರೆ ಸರಿಯಾದ ತೂಕ ತೋರಿಸಲು ಬೇಕಾದ ಹೊಂದಾಣಿಕೆಯ ಅಂಕಿ, ಇರುತ್ತದೆ. ಈ ಬೋರ್ಡಿನಲ್ಲಿ ಅದನ್ನು ಫ್ಲ್ಯಾಶಿನ ಕೊನೆಯ 1 ಕೆಬಿ ಪೇಜಿನಲ್ಲಿ ಇಟ್ಟಿದ್ದರು. ಈ ಚಿಪ್‌ನಲ್ಲಿ ರೀಡ್ ಪ್ರೊಟೆಕ್ಷನ್ ತೆಗೆದರೆ ಇಡೀ ಫ್ಲ್ಯಾಶ್ ತಾನಾಗಿಯೇ ಅಳಿಸಿಹೋಗುತ್ತದೆ. ಒಳಗಿನ ಕೋಡನ್ನು ಕದಿಯಬಾರದೆಂದೇ ಹಾಗೆ ಮಾಡಿದ್ದಾರೆ, ಡೇಟಾಶೀಟಿನ ಜೊತೆಗಿನ ಪ್ರೋಗ್ರಾಮಿಂಗ್ ಮ್ಯಾನ್ಯುಯಲ್‌ನಲ್ಲಿ ಸ್ಪಷ್ಟವಾಗಿ ಬರೆದೂ ಇದೆ. ನಾನು ಓದಿರಲಿಲ್ಲ. ಪೂರ್ತಿ ಅಳಿಸಲು ಹೆಚ್ಚೆಂದರೆ 40 ಮಿಲಿಸೆಕೆಂಡ್ ಸಾಕು. ಮೊದಲು ಬ್ಯಾಕಪ್ ತೆಗೆಯೋಣವೆಂದರೆ ಪ್ರೊಟೆಕ್ಷನ್ ಇರುವಾಗ ಓದಲು ಬಿಡುವುದಿಲ್ಲ. ದಾರಿ ಇದ್ದದ್ದು ಒಂದೇ: ಹಳೆಯ ಫರ್ಮ್‌ವೇರ್ ಇನ್ನೂ ಓಡುತ್ತಿರುವಾಗಲೇ ಕಾಟಾದ ಸರ್ವಿಸ್ ಮೆನುಗೆ ಹೋಗಿ ಅಂಕಿಗಳನ್ನು ಕಾಗದಕ್ಕೆ ಇಳಿಸಿಕೊಳ್ಳುವುದು. ಎರಡು ನಿಮಿಷದ ಕೆಲಸ. ಪ್ರೊಟೆಕ್ಷನ್ ಇಲ್ಲದ ಚಿಪ್ ಆದರೆ ಪೂರ್ತಿ 64 ಕೆಬಿ ಓದಿ ಫೈಲ್ ಮಾಡಿಟ್ಟುಕೊಳ್ಳಿ, ಆಮೇಲೆ ‘ಫುಲ್ ಚಿಪ್ ಇರೇಸ್’ ಬಿಟ್ಟು ಬೇಕಾದ ಪೇಜುಗಳನ್ನು ಮಾತ್ರ ಅಳಿಸಿ.

ಎಟಿಮೆಗಾ328ಪಿ ಎಂಬ ಇನ್ನೊಂದು ಚಿಪ್ ಬಳಸುವವರಿಗೂ ಇದೇ ಗಂಡಾಂತರ ಇದೆ. ಇಇಸೇವ್ ಫ್ಯೂಸ್ (ಚಿಪ್‌ನೊಳಗಿನ ಒಂದು ಸೆಟ್ಟಿಂಗ್) ಹಾಕದಿದ್ದರೆ ಚಿಪ್ ಇರೇಸ್ ಜೊತೆ, ಅಂಕಿಗಳನ್ನು ಉಳಿಸಿಡುವ ಇಇಪ್ರಾಮ್ ಮೆಮೊರಿ ಕೂಡ ಖಾಲಿ. ಎಸ್‌ಟಿಎಂ32ರಲ್ಲೇ ಎಫ್4 ಥರದ ಸರಣಿಗಳಲ್ಲಿ ಪ್ರೊಟೆಕ್ಷನ್ ಲೆವೆಲ್ 2 ಇದೆ. ಅದನ್ನು ಒಮ್ಮೆ ಹಾಕಿದರೆ ತೆಗೆಯಲು ಬರುವುದೇ ಇಲ್ಲ, ಎಸ್‌ಟಿ-ಲಿಂಕ್ ಸಿಕ್ಕಿಸುವ ಡೀಬಗ್ ಪೋರ್ಟ್ ಶಾಶ್ವತವಾಗಿ ಬಂದ್. ದಯವಿಟ್ಟು ಕುತೂಹಲಕ್ಕೂ ಮುಟ್ಟಬೇಡಿ.

ನನ್ನ ಎರಡನೇ ತಪ್ಪು ಗುರುವಾರದ್ದು. ನಮ್ಮ ಕಡೆ ಮೇಂಟೆನೆನ್ಸಿಗೆ ಕರೆಂಟ್ ತೆಗೆಯುವ ದಿನ ಅದು. ಗೊತ್ತಿದ್ದೂ ಯುಪಿಎಸ್ ಇಲ್ಲದೆ ಕೂತೆ, ಒಂದು ಬೋರ್ಡ್ ಅಳಿಸುತ್ತಿರುವಾಗಲೇ ಕರೆಂಟ್ ಹೋಯಿತು. ಅರ್ಧ ಅಳಿಸಿದ ಪೇಜು ಬಲು ಮೋಸದ್ದು. ಬಿಟ್‌ಗಳು ಈಗ 1 (ಅಂದರೆ ಅಳಿಸಿದೆ) ಎಂದು ಓದಿಸಿಕೊಂಡು, ಬೋರ್ಡ್ ಬಿಸಿಯಾದ ಮೇಲೆ 0 ಎನ್ನಬಹುದು. ಆಗ ವೆರಿಫೈ ಪಾಸಾದರೂ ನಂಬಬಾರದು, ಆ ಪೇಜನ್ನು ಮೊದಲಿನಿಂದ ಮತ್ತೆ ಅಳಿಸಿಯೇ ಬರೆಯಬೇಕು.

ಫರ್ಮ್‌ವೇರ್ ಬರೆಯುವ ಗೆಳೆಯರಲ್ಲಿ ಒಂದು ಕೇಳಿಕೆ. ಕ್ಯಾಲಿಬ್ರೇಷನ್ನಿಗೆ ಎರಡು ಪೇಜು ಕೊಡಿ. ಹೊಸದನ್ನು ಸಿಆರ್‌ಸಿ (ತಪ್ಪು ಹಿಡಿಯುವ ತಾಳೆ ಅಂಕಿ) ಸಮೇತ ಬರೆದು, ಓದಿ ಖಾತ್ರಿಯಾದ ಮೇಲೆಯೇ ಹಳೆಯದನ್ನು ಅಳಿಸಿ. ಟೇರ್ ತೂಕವನ್ನೂ (ಕಳೆಯಬೇಕಾದ ಖಾಲಿ ಪಾತ್ರೆಯ ತೂಕ) ಅದೇ ಪೇಜಿಗೆ ಪದೇಪದೇ ಬರೆಯಬೇಡಿ. ಈ ಫ್ಲ್ಯಾಶಿಗೆ ಖಾತ್ರಿ ಇರುವುದು 10,000 ಸಲಕ್ಕೆ. ಹತ್ತು ನಿಮಿಷಕ್ಕೊಮ್ಮೆ ಅಳಿಸಿ ಬರೆದರೆ ದಿನಕ್ಕೆ 144, ಅಂದರೆ 70 ದಿನದೊಳಗೆ ತೀರಿಹೋಗುತ್ತದೆ.

ಪರೀಕ್ಷೆಯ ಬಟ್ಟುಗಳನ್ನು ಬಾಡಿಗೆಗೆ ತಂದು ಏಳನ್ನೂ ಹೊಸದಾಗಿ ಕ್ಯಾಲಿಬ್ರೇಟ್ ಮಾಡಲು ನಾಲ್ಕು ದಿನ ಹಿಡಿಯಿತು. ಮುದ್ರೆ ಇಲ್ಲದೆ ಕಾಟಾ ಬಳಸುವಂತಿಲ್ಲವಲ್ಲ, ಅಷ್ಟು ದಿನ ಆ ಹಿರಿಯರು ಪಕ್ಕದ ಗಾಳಾದಿಂದ (ಮಳಿಗೆ) ಒಂದೇ ಒಂದು ಕಾಟಾ ಎರವಲು ತಂದು ಬೆಲ್ಲ ತೂಗಿದರು. ಈಗ ಪ್ರತಿ ಕಾಟಾದ ಮುಚ್ಚಳದ ಒಳಮೈಗೆ ಅದರ ಅಂಕಿಗಳನ್ನು ಬರೆದ ಚೀಟಿ ಅಂಟಿಸಿ ಕೊಟ್ಟಿದ್ದೇನೆ.