ಬರೆದ ಪರದೆಯ ಮುಂದೆ ಉಡಿ ತುಂಬಿದ ಫೋಟೋ

ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ನಡೆದರೆ ಸಿಗುವ ಈ ಹಳೆಯ ಸ್ಟುಡಿಯೋದಲ್ಲಿ ಇಂದಿಗೂ ಕೈಯಿಂದ ಬರೆದ ಪರದೆ ಇದೆ. ಮೆಟ್ಟಿಲು, ಕಂಬ, ಕೊಳ, ಕೊಳದಲ್ಲಿ ಎರಡು ಹಂಸ. ಸುತ್ತಿಟ್ಟು ಸುತ್ತಿಟ್ಟು ಬಣ್ಣ ಅಡ್ಡಡ್ಡ ಬಿರಿದಿದೆ. ಬೇರೆ ಕಡೆ ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ, ಹಿನ್ನೆಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ. ಗೆಳತಿಯನ್ನು ನಾನು ಇಲ್ಲಿಗೆ ಕರೆದುಕೊಂಡು ಹೋದದ್ದು ಈ ಪರದೆಗಾಗಿ. ಮನಸ್ಸಿಗೆ ಹಿಡಿಸಿದ್ದು ಮಾಲೀಕರು ಅವಳನ್ನು ನಡೆಸಿಕೊಂಡ ರೀತಿ.

ನಾನು ಖಣದ ರವಿಕೆ ಹೊಲಿಯುವವಳು. ಗೆಳತಿ ನನ್ನ ಅಂಗಡಿಯ ಹಳೆಯ ಗಿರಾಕಿ, ಟ್ರಾನ್ಸ್ ಮಹಿಳೆ. ಧಾರವಾಡದಲ್ಲಿ ಚಿತ್ರಕಲೆ ಓದುತ್ತಿರುವ ನನ್ನ ಮಗಳು ಒಮ್ಮೆ ಮೊಬೈಲಿನಲ್ಲಿ ತೇಜಲ್ ಷಾ ಅವರ ಫೋಟೋಗಳನ್ನು ತೋರಿಸುತ್ತಿದ್ದಾಗ ಇವಳೂ ಅಲ್ಲಿದ್ದಳು. ಎಲ್ಲವೂ ಶುರುವಾದದ್ದು ಅಲ್ಲಿಂದ.

ತೇಜಲ್ ಷಾ 1979ರಲ್ಲಿ ಭಿಲಾಯಿಯಲ್ಲಿ ಹುಟ್ಟಿದ ಕಲಾವಿದರು. ವಿಡಿಯೋ, ಛಾಯಾಚಿತ್ರ, ಅಭಿನಯ ಅವರ ಮಾಧ್ಯಮಗಳು. ಜರ್ಮನಿಯ ಕಾಸೆಲ್‌ನಲ್ಲಿ 2012ರಲ್ಲಿ ನಡೆದ ಡಾಕ್ಯುಮೆಂಟಾ ಎಂಬ ಕಲಾ ಪ್ರದರ್ಶನದಲ್ಲಿ ಅವರ ದೊಡ್ಡ ವಿಡಿಯೋ ಕೃತಿಯೊಂದು ಇತ್ತು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 2006ರ 'ಹಿಜ್ರಾ ಫ್ಯಾಂಟಸಿ ಸೀರೀಸ್'. ಹಿಜ್ರಾ ಸಮುದಾಯದವರ ಫೋಟೋ ಎಂದರೆ ಸಿಗ್ನಲ್ಲಿನಲ್ಲಿ ಚಪ್ಪಾಳೆ, ಇಲ್ಲವೇ ಕತ್ತಲ ಕೋಣೆಯಲ್ಲಿ ಕಣ್ಣೀರು. ಪತ್ರಿಕೆಗಳು ನಮಗೆ ತೋರಿಸುತ್ತ ಬಂದದ್ದು ಇಷ್ಟೇ. ಷಾ ಅವರಲ್ಲಿ ಚಿತ್ರ ಹುಟ್ಟುವುದು ಎದುರಿಗೆ ಕುಳಿತವರ ಆಸೆಯಿಂದ. ನೀವು ಹೇಗೆ ಕಾಣಿಸಿಕೊಳ್ಳಬೇಕು ಎಂಬುದು ಮೊದಲು ಇತ್ಯರ್ಥವಾಗುತ್ತದೆ. ಸೆಟ್ಟು, ಉಡುಪು, ಬೆಳಕು ಆಮೇಲೆ ಬರುತ್ತವೆ. ಒಬ್ಬರು ದಕ್ಷಿಣದ ಸಿನಿಮಾ ನಾಯಕಿಯಾಗುತ್ತಾರೆ. ಮಾಲಿನಿ ಎಂಬವರು ರವಿವರ್ಮನ ಚಿತ್ರಗಳ ಮಾದರಿಯಲ್ಲಿ ಯಶೋದೆಯಾಗುತ್ತಾರೆ, ಜೊತೆಗೆ ಕೃಷ್ಣ ಇದ್ದಾನೆ. ಗೆಳತಿ ಆ ಯಶೋದೆಯನ್ನು ದೊಡ್ಡದು ಮಾಡಿ, ಬೆರಳಿನಿಂದ ಸರಿಸಿ ಸರಿಸಿ ನೋಡಿದಳು. "ನನಗೆ ಉಡಿ ತುಂಬಿದ ಫೋಟೋ ಬೇಕು" ಎಂದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತವರಿಗೆ ಬಂದ ಮಗಳಿಗೆ ಉಡಿ ತುಂಬದೆ ಕಳಿಸುವ ಮನೆ ಇಲ್ಲಿಲ್ಲ. ಇವಳ ಅಕ್ಕತಂಗಿಯರೆಲ್ಲರ ಉಡಿ ತುಂಬಿದ ಫೋಟೋಗಳು ಆ ಮನೆಯ ಗೋಡೆಯ ಮೇಲಿವೆ.

ಲಿಂಗವೆಂಬುದು ಹುಟ್ಟಿನೊಂದಿಗೆ ಬಂದು ಸುಮ್ಮನೆ ಕೂತ ವಸ್ತುವಲ್ಲ, ನಾವು ದಿನದಿನವೂ ಉಟ್ಟು, ನಡೆದು, ಮಾತಾಡಿ ಕಟ್ಟಿಕೊಳ್ಳುವುದು ಎಂದು ಅಮೆರಿಕದ ಚಿಂತಕರಾದ ಜುಡಿತ್ ಬಟ್ಲರ್ 1990ರಲ್ಲೇ ವಾದಿಸಿದ್ದರಂತೆ. ಮಗಳು ಇದನ್ನು ಹೇಳಿದಾಗ ನನಗೆ ಹೊಸದೆನಿಸಲಿಲ್ಲ. ರಂಗನಟ ಏಣಗಿ ಬಾಳಪ್ಪನವರು ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿದ ಸೀಮೆ ನಮ್ಮದು. ತೋಳಿನ ಸುತ್ತಳತೆ ಅರ್ಧ ಇಂಚು ಬದಲಾದರೆ ನಿಲುವೇ ಬದಲಾಗುವುದನ್ನು ನಾನು ಅಂಗಡಿಯ ಕನ್ನಡಿಯ ಮುಂದೆ ನೋಡುತ್ತಲೇ ಇದ್ದೇನೆ.

ಸ್ಟುಡಿಯೋದ ವಿಷಯಕ್ಕೆ ಬರುತ್ತೇನೆ. ಗೆಳತಿಗೆ ಗುರುತಿನ ಚೀಟಿಗಾಗಿ ಬೇರೊಂದು ಕಡೆ ಫೋಟೋ ತೆಗೆಸಿದ ಅನುಭವವಿತ್ತು. ಅಲ್ಲಿ ಮೂಗುತಿ ತೆಗೆಯಲು ಹೇಳಿ, ಸಹಾಯಕರೆಲ್ಲ ಬಂದು ಬಾಗಿಲಲ್ಲಿ ನಿಂತಿದ್ದರು. ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ಆ ಬಾಗಿಲಿನವರೆಗೆ ತಲುಪಿರಲಿಲ್ಲ. ಇಲ್ಲಿ ಮಾಲೀಕರು ಕೇಳಿದ್ದು ಒಂದೇ: "ಅಕ್ಕನವರೇ, ಕೂತು ತೆಗೆಸುತ್ತೀರೋ, ನಿಂತೋ?" ಆಮೇಲೆ ಮುಂಬಾಗಿಲಿನ ಪರದೆ ಎಳೆದರು.

ಮಣೆ ಹಾಕಿ ಕೂಡಿಸಿದೆವು. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ರವಿಕೆ. ಉಡಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಎಲೆ, ಒಂದು ಹೊಸ ಖಣ. ಸೆರಗು ಒಡ್ಡಿ ಉಡಿ ಹಿಡಿದರೆ ಸೆರಗಿನ ಚೆಲುವೆಲ್ಲ ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. ಮಾಲೀಕರು ಕ್ಯಾಮೆರಾ ಬಿಟ್ಟು ಬಂದು, ಅವಳನ್ನು ಕೇಳಿಯೇ, ಎಡ ಮೊಣಕಾಲಿನ ಕಡೆಗೆ ಸೆರಗನ್ನು ಒಂದು ಗೇಣು ಹೊರಳಿಸಿದರು. ಕೆಂಪಿನ ಮೇಲಿನ ಬಿಳಿ ತೆನೆಗಳು ಸಾಲಾಗಿ ಎದ್ದು ಕಂಡವು. ಸೀರೆ ಬಲ್ಲವರ ಕೈ ಅದು. ಅವಳ ಹೆಗಲು ಬಿಗಿದುಕೊಂಡಿತ್ತು. ಅದು ಸಡಿಲಾಗುವವರೆಗೆ ಒಂದು ಫೋಟೋವನ್ನೂ ತೆಗೆಯದೆ ಕಾದರು.

ಕೊರತೆ ಇಲ್ಲವೆಂದಲ್ಲ. ಫೋಟೋ ತಿದ್ದುವ ಹುಡುಗ ಯಾರನ್ನೂ ಕೇಳದೆ ಮುಖವನ್ನು ಬೆಳ್ಳಗೆ ಮಾಡಿಬಿಟ್ಟಿದ್ದ. ಕೈ ಕಂದು, ಮುಖ ಸುಣ್ಣ. ಮದುಮಗಳಿಗೂ ಮಗುವಿಗೂ ಅವನು ಇದನ್ನೇ ಮಾಡುತ್ತಾನಂತೆ, ಕೇಳಿ ನನಗೆ ಸಿಟ್ಟು ಬಂದಿತು. ಗೆಳತಿ ಅವನ ಪಕ್ಕದಲ್ಲೇ ಕುಳಿತು, "ಗಲ್ಲದ ಮೇಲಿನ ನೀಲಿ ನೆರಳು ತೆಗಿ ತಮ್ಮ, ಬಣ್ಣ ಮುಟ್ಟಬೇಡ" ಎಂದಳು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಅವಳೇ ಹೇಳಿದಳು. ಷಾ ಅವರ ಚಿತ್ರಗಳ ಜೀವಾಳವೂ ಇದೇ ಎಂದು ನಾನು ತಿಳಿಯುತ್ತೇನೆ. ಅವರನ್ನು ಸ್ತ್ರೀವಾದಿ ಎನ್ನಿ, ಗಂಡು-ಹೆಣ್ಣೆಂಬ ರೂಢಿಯ ಚೌಕಟ್ಟಿಗೆ ಒಗ್ಗದ ಕ್ವಿಯರ್ ಎನ್ನಿ, ತೀರ್ಮಾನ ಫೋಟೋದಲ್ಲಿರುವವರದ್ದು. ಹುಡುಗ ಬೇಸರಿಸದೆ ತಿದ್ದಿದ ಎಂಬುದನ್ನೂ ಹೇಳಬೇಕು. ಆದರೆ ಮೊದಲೇ ಕೇಳುವ ರೂಢಿ ಈ ಸ್ಟುಡಿಯೋಗೆ ಬರಲೇಬೇಕು. ಮುದ್ರಣ ಚೆನ್ನಾಗಿದೆ, ಚೌಕಟ್ಟು ಸಾಧಾರಣ. ಚೌಕಟ್ಟನ್ನು ಹೊರಗೆ ಹಾಕಿಸುವುದು ಮೇಲು.

ದೊಡ್ಡ ಪ್ರತಿ ಒಂದು, ಸಣ್ಣವು ಎರಡು, ಎಲ್ಲ ಸೇರಿ 1,500 ರೂಪಾಯಿ ಕೊಟ್ಟೆವು. ಷೋಕೇಸಿನಲ್ಲಿ ಒಂದು ಪ್ರತಿ ಇಡಬಹುದೇ ಎಂದು ಮಾಲೀಕರು ಕೇಳಿದರು. ಗೆಳತಿ ಬೇಡವೆಂದಳು. ಮತ್ತೆ ಕೇಳಲಿಲ್ಲ.

ಈಗ ನನಗೂ ಒಂದು ಆಸೆ ಹುಟ್ಟಿದೆ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ರಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲೆಯಲ್ಲಿ ತಾವೇ ಲಕ್ಷ್ಮಿಯಾಗಿ, ಬೆಳದಿಂಗಳ ಹೆಣ್ಣಾಗಿ, ಯೋಗಿನಿಯಾಗಿ ನಿಂತಿದ್ದಾರೆ. ಆ ಯೋಗಿನಿಯ ಮೂಲ ನಮ್ಮ ಬಿಜಾಪುರದ ಆದಿಲ್‌ಶಾಹಿ ಕಾಲದ ಚಿತ್ರ. ಕೈಯಲ್ಲಿ ಮೈನಾ ಹಕ್ಕಿ ಹಿಡಿದ ಆ ಜೋಗಿತಿ ಈಗ ಡಬ್ಲಿನ್‌ನ ಸಂಗ್ರಹಾಲಯದಲ್ಲಿದ್ದಾಳೆ. ಅವಳು ಹುಟ್ಟಿದ ಊರಿನಲ್ಲೇ ಅವಳಂತೆ ಜಡೆ ಎತ್ತಿ ಕಟ್ಟಿ ನಾನು ನಿಲ್ಲಬೇಕು. ಹಂಸದ ಕೊಳ ಅದಕ್ಕೆ ಹೊಂದುವುದಿಲ್ಲ ಎಂದೆ. ಬೋರ್ಡು ಬರೆಯುವ ಪೇಂಟರ್ ಒಬ್ಬರು ಗೊತ್ತು, ಗುಡ್ಡ ಮತ್ತು ಅರಮನೆ ಬರೆಸೋಣ, ಬಟ್ಟೆಯ ಖರ್ಚು ನಿಮ್ಮದು ಎಂದರು ಮಾಲೀಕರು. ನಾನು ಒಪ್ಪಿದ್ದೇನೆ.

ಹೋಗುವವರು ಒಂದು ದಿನ ಮುಂಚೆ ಹೇಳಿ ಹೋಗಿ. ಪರದೆಯನ್ನು ಅಟ್ಟದಿಂದ ಇಳಿಸಿ ಬಿಚ್ಚಲು ಇಬ್ಬರು ಬೇಕು, ಸಂಜೆ ಆರರ ಮೇಲೆ ಸಹಾಯಕ ಇರುವುದಿಲ್ಲ.