ಲೈಟು ಉಸಿರಾಡುವ ಪಿಕಪ್: ಬ್ಯಾಟರಿ, ಅರ್ಥ್, ಕಾರ್ಬನ್, ಗುಜರಿ ಡೈನಮೋ, ಹೊಸ ಡೈನಮೋ

ನಮ್ಮ ಪಿಕಪ್ 2009ರ ಮಾಡೆಲ್, ಡೀಸೆಲ್ ಗಾಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅಡಿಕೆ, ವಾಪಸ್ ಬರುವಾಗ ಗೊಬ್ಬರ ಇಲ್ಲವೇ ಹಿಂಡಿ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಮಂಡಗದ್ದೆ ಹತ್ತಿರ ಹೆಡ್‌ಲೈಟು ಉಸಿರಾಡತೊಡಗಿತು. ಬೆಳಕು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ವೈಪರ್ ಕೂಡ ಅದೇ ತಾಳಕ್ಕೆ ಕುಣಿಯುತ್ತಿತ್ತು. ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟು ಮಿಣಮಿಣ ಅಂದು ಆರಿಹೋಗುತ್ತಿತ್ತು.

ಊರಲ್ಲಿ ಕೇಳಿದೆ. ಒಬ್ಬರು ಬ್ಯಾಟರಿ ಅಂದರು, ಇನ್ನೊಬ್ಬರು ಅರ್ಥ್ (ಕರೆಂಟು ವಾಪಸ್ ಹೋಗುವ ದಾರಿ) ಅಂದರು. ಡೈನಮೋ ಒಳಗಿನ ಕಾರ್ಬನ್ ಬ್ರಷ್ ಸವೆದು ಮುಗಿದಿದೆ ಅಂತ ಒಬ್ಬರು, ಗುಜರಿಯಿಂದ ಡೈನಮೋ ತಂದು ಕೂರಿಸಿ ಅಂತ ಮತ್ತೊಬ್ಬರು. ಭಾವನದು ಒಂದೇ ಮಾತು: ಹೊಸದು ಹಾಕ್ಸಿ ಬಿಡಿ, ಸುಮ್ನೆ ತಲೆ ಕೆಡಿಸ್ಕೋಬೇಡಿ. ಆರು ತಿಂಗಳಲ್ಲಿ ಐದನ್ನೂ ನೋಡಿದ್ದಾಯಿತು. ನಾಲ್ಕು ನನ್ನ ಗಾಡಿಯಲ್ಲಿ, ಐದನೆಯದು ಭಾವನ ಗಾಡಿಯಲ್ಲಿ. (ಇಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ನಮ್ಮ ಕಡೆ ಈಗಲೂ ಡೈನಮೋ ಅಂತಲೇ ಕರೆಯುತ್ತೇವೆ. ನಾನೂ ಹಾಗೇ ಬರೆಯುತ್ತೇನೆ.)

ಮೊದಲು ಮೀಟರಿನ ವಿಷಯ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಚಿಕ್ಕ ವೋಲ್ಟ್ ಮೀಟರ್ ಒಂದು ತಂದಿದ್ದೆ. ಓಡಿಸುತ್ತಾ ನೋಡಬಹುದು, ಅಷ್ಟೇ ಅದರ ಅನುಕೂಲ. ಬ್ಯಾಟರಿ ತುದಿಯಲ್ಲಿ ಮಲ್ಟಿಮೀಟರ್ 13.9 ವೋಲ್ಟ್ ತೋರಿಸಿದಾಗ ಇದು 13.3 ಅನ್ನುತ್ತಿತ್ತು. ನಡುವೆ ಹಳೇ ವೈರು, ಫ್ಯೂಸು, ಸ್ವಿಚ್ಚು ಎಲ್ಲ ಇರುತ್ತವಲ್ಲ. ಹಾಗಾಗಿ ಏರಿಳಿತ ಇದೆಯಾ ಇಲ್ಲವಾ ಅಂತ ತಿಳಿಯಲು ಇದು ಸಾಕು. ಎಷ್ಟು ಅಂತ ತಿಳಿಯಬೇಕಾದರೆ ಮಲ್ಟಿಮೀಟರೇ ಬೇಕು, ಅದೂ ನೇರ ಬ್ಯಾಟರಿಯ ತುದಿಗೇ ಹಿಡಿಯಬೇಕು.

ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಒಳ್ಳೆ ಬ್ಯಾಟರಿ 12.6ರ ಆಸುಪಾಸು ಇರಬೇಕು. 12.2 ಇದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಇಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇದ್ದರೆ ಚಾರ್ಜಿಂಗ್ ಸರಿ. ನನ್ನದು ಬೆಳಿಗ್ಗೆ 12.5 ಇತ್ತು. ಸ್ಟಾರ್ಟ್ ಮಾಡಿ ಹೆಡ್‌ಲೈಟು, ವೈಪರ್, ಬ್ಲೋವರ್ ಎಲ್ಲ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟರೆ 12.3ಕ್ಕೂ 13.7ಕ್ಕೂ ನಡುವೆ ಓಲಾಡುತ್ತಿತ್ತು. ಈ ಓಲಾಟವನ್ನೇ ಅಳತೆಗೋಲು ಮಾಡಿಕೊಂಡೆ. ಏನೇ ಬದಲಿಸಿದರೂ ಇದೇ ಲೋಡು (ಲೈಟು, ವೈಪರ್, ಬ್ಲೋವರ್) ಹಾಕಿ ನೋಡುವುದು.

ಬ್ಯಾಟರಿ ಬದಲಿಸುವ ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾವನ ಗಾಡಿಯ ಹೊಸ ಬ್ಯಾಟರಿಯನ್ನೇ ಎರಡು ದಿನ ಕಟ್ಟಿಕೊಂಡು ಓಡಾಡಿದೆ. ಅದೇ ಓಲಾಟ. ಬ್ಯಾಟರಿ ಇಲ್ಲಿ ಪೆಟ್ಟು ತಿನ್ನುವವನು, ಕೊಡುವವನಲ್ಲ. ಅಂಗಡಿಗೆ ಹೋಗುವ ಮೊದಲು ಯಾರದಾದರೂ ಬ್ಯಾಟರಿ ಎರವಲು ಸಿಕ್ಕರೆ ಹಾಕಿ ನೋಡಿ, ಏಳೆಂಟು ಸಾವಿರ ಉಳಿಯುತ್ತದೆ.

ಅರ್ಥ್ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ಮೊದಲು ನಂಬಿರಲಿಲ್ಲ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಚಾಸಿಗೂ ಇಂಜಿನ್ನಿಗೂ ನಡುವೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಲೈಟು, ವೈಪರ್ ಎಲ್ಲದರ ಕರೆಂಟೂ ಡೈನಮೋಗೆ ವಾಪಸ್ ಬರುವುದು ಅದರಲ್ಲೇ. ನಮ್ಮ ಮಳೆಗೆ, ಕೆಸರಿಗೆ ಹದಿನೈದು ವರ್ಷದಲ್ಲಿ ಆ ಪಟ್ಟಿ ಹಸಿರು ಪಾಚಿ ಕಟ್ಟಿದ ಹಾಗೆ ಆಗಿತ್ತು. ಅರ್ಧ ಎಳೆಗಳು ತುಂಡಾಗಿದ್ದವು.

ಇದನ್ನು ಕಂಡುಹಿಡಿಯುವ ವಿಧಾನ ಬಹಳ ಸುಲಭ. ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಡೈನಮೋ ಮೈಗೆ. ಇಂಜಿನ್ ಓಡುತ್ತಿರಬೇಕು, ಲೋಡೂ ಇರಬೇಕು. 0.1, ಹೆಚ್ಚೆಂದರೆ 0.2 ಬರಬೇಕು. ನನಗೆ 0.6 ಬಂತು! ಕರೆಂಟಿಗೆ ಇರುವ ತಡೆಯನ್ನೇ ಓಮ್‌ನಲ್ಲಿ ಅಳೆದು ನೋಡುತ್ತೇನೆ ಅಂದರೆ ಇದು ಸಿಗುವುದಿಲ್ಲ. ಎಲ್ಲ ಹಾಕಿದಾಗ ಹೆಚ್ಚುಕಮ್ಮಿ 30 ಆಂಪಿಯರ್ ಹರಿಯುತ್ತದೆ ಅಂದುಕೊಳ್ಳಿ. 0.6 ವೋಲ್ಟ್ ನುಂಗಲು ಬರೀ 0.02 ಓಮ್ ಸಾಕು. ಸಾಮಾನ್ಯ ಮಲ್ಟಿಮೀಟರಿಗೆ ಅದು ಸೊನ್ನೆಯೇ. ಮೆಕ್ಯಾನಿಕ್ ಬೀಪ್ ಶಬ್ದ ಕೇಳಿಸಿ ‘ಅರ್ಥ್ ಸರಿ ಇದೆ ನೋಡಿ’ ಅಂದಿದ್ದು ಇದಕ್ಕೇ.

ದಪ್ಪ ಕೇಬಲ್ ಒಂದು ಮಾಡಿಸಿ, ಬೋಲ್ಟ್ ಕೂರುವ ಜಾಗದ ಬಣ್ಣ ಕೆರೆದು ಬಿಗಿ ಮಾಡಿದೆ. ಬ್ಯಾಟರಿ ಟರ್ಮಿನಲ್‌ನ ಬಿಳಿ ಪುಡಿಯನ್ನು ಅಡುಗೆ ಸೋಡ ಹಾಕಿದ ಬಿಸಿನೀರಲ್ಲಿ ತೊಳೆದು ವ್ಯಾಸಲಿನ್ ಸವರಿದೆ. ಒಟ್ಟು 350 ರೂಪಾಯಿ, ಒಂದು ಭಾನುವಾರದ ಬೆಳಿಗ್ಗೆ. 0.6 ಇದ್ದದ್ದು 0.05ಕ್ಕೆ ಇಳಿಯಿತು. ಓಲಾಟ 13.0ಕ್ಕೂ 13.9ಕ್ಕೂ ನಡುವೆ ಬಂತು. ಅಂದರೆ ಅರ್ಧ ಕಾಯಿಲೆ ಹೋಯಿತು, ಅರ್ಧ ಉಳಿಯಿತು. ಐದು ದಾರಿಗಳಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಫಲ ಸಿಕ್ಕಿದ್ದು ಇಲ್ಲೇ.

ಉಳಿದ ಅರ್ಧಕ್ಕೆ ಡೈನಮೋ ಬಿಚ್ಚಲೇಬೇಕಾಯಿತು. ಪೇಟೆಯ ಎಲೆಕ್ಟ್ರಿಕ್ ಅಂಗಡಿಯ ಅಣ್ಣ ಕಾರ್ಬನ್ ಬ್ರಷ್ ತೆಗೆದು ಕೈಗೆ ಕೊಟ್ಟರು. ಹೊರಗೆ ಚಾಚಿದ್ದು 4 ಮಿಲಿಮೀಟರ್ ಇರಬಹುದು, 5ಕ್ಕಿಂತ ಕಮ್ಮಿಯಾದರೆ ಬದಲಿಸುವುದು ವಾಡಿಕೆ. ಹೊಸ ಕಾರ್ಬನ್ ಹಾಕಿ, ‘ಕಟೌಟೂ ಹಳೇದು, ಹಾಕ್ಬಿಡ್ಲಾ?’ ಅಂದರು. ಕಟೌಟ್ ಅಂದರೆ ರೆಗ್ಯುಲೇಟರ್, ಡೈನಮೋದ ವೋಲ್ಟೇಜನ್ನು ಮಿತಿಯಲ್ಲಿಡುವ ಸಾಮಾನು. ಹೂಂ ಅಂದೆ. 250 ರೂಪಾಯಿಯದು ಹಾಕಿದರು. ಲೈಟು ಸ್ಥಿರವಾಯಿತು, ನಾನೂ ಖುಷಿಯಾಗಿ ಬಂದೆ.

ಮಾರನೇ ದಿನ ಚಳಿಯಲ್ಲಿ ಸ್ಟಾರ್ಟ್ ಮಾಡಿ ರೇಸ್ ಮಾಡಿದರೆ ಮೀಟರಿನಲ್ಲಿ 15.2. ಲೈಟು ಜೋರಾಗಿ ಉರಿದರೆ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಅಲ್ಲ. ಹತ್ತು ದಿನದಲ್ಲಿ ಬ್ಯಾಟರಿ ನೀರು ಇಳಿದಿತ್ತು, ಬಾನೆಟ್ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಡಿಸ್ಟಿಲ್ಡ್ ವಾಟರ್ ತುಂಬಿ, 900 ರೂಪಾಯಿಯ ಇನ್ನೊಂದು ರೆಗ್ಯುಲೇಟರ್ ಹಾಕಿಸಿದೆ. ಅದು ಚಳಿಯಲ್ಲಿ 14.3, ಇಂಜಿನ್ ಚೆನ್ನಾಗಿ ಕಾದ ಮೇಲೆ 13.9. ಬಿಸಿಯಾದಾಗ ತಾನೇ ಸ್ವಲ್ಪ ಇಳಿಸುವುದು ರೆಗ್ಯುಲೇಟರಿನ ಗುಣವೇ, ಅದು ದೋಷ ಅಲ್ಲ. ಎರಡೂ ನೋಡಲು ಅವಳಿ ಜವಳಿ. ಆದರೆ ಈ ಒಂದು ಸಾಮಾನಿನಲ್ಲಿ ಅಗ್ಗದ್ದು ಬೇಡ. 650 ಉಳಿಸಲು ಹೋಗಿ ಬ್ಯಾಟರಿಯನ್ನೇ ಬೇಯಿಸುತ್ತದೆ.

ಮೂರು ವಾರ ಕಳೆಯಿತು. ಮತ್ತೆ ಉಸಿರಾಟ ಶುರು. ಹೊಸ ಕಾರ್ಬನ್ ಮೂರು ವಾರದಲ್ಲಿ ಹೇಗೆ ಮುಗಿಯುತ್ತದೆ? ಮುಗಿದಿರಲಿಲ್ಲ. ಎಣ್ಣೆಯಲ್ಲಿ ಅದ್ದಿತ್ತು.

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಇಂಜಿನ್ನಿನ ಹಾಗೆ ತಾನಾಗಿ ವ್ಯಾಕ್ಯೂಮ್ (ಗಾಳಿ ಹೀರುವ ಎಳೆತ) ಬರುವುದಿಲ್ಲ. ಬ್ರೇಕ್ ಒತ್ತುವ ಬಲ ಹೆಚ್ಚಿಸುವ ಬೂಸ್ಟರಿಗೆ ಅದು ಬೇಕು. ಅದಕ್ಕೆ ಹಳೇ ಡೀಸೆಲ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಡೈನಮೋ ಬೆನ್ನಿಗೇ ಒಂದು ವ್ಯಾಕ್ಯೂಮ್ ಪಂಪ್ ಕೂರಿಸಿರುತ್ತಾರೆ. ಆ ಪಂಪಿಗೆ ಇಂಜಿನ್ ಆಯಿಲ್ ಪೈಪ್ ಬಂದಿರುತ್ತದೆ. ನಡುವಿನ ಆಯಿಲ್ ಸೀಲ್ ಸವೆದರೆ ಎಣ್ಣೆ ಶಾಫ್ಟ್ ಹಿಡಿದುಕೊಂಡು ಸೀದಾ ಸ್ಲಿಪ್ ರಿಂಗ್ (ಕಾರ್ಬನ್ ತಾಗಿಕೊಂಡಿರುವ, ತಿರುಗುವ ಬಳೆ) ಇರುವ ಕಡೆಗೇ ಬರುತ್ತದೆ. ಕಾರ್ಬನ್ ಪುಡಿ, ಎಣ್ಣೆ ಸೇರಿ ಕಾಡಿಗೆ ಥರ ಅಂಟು. ಬ್ರಷ್ ಗೂಡಿನಲ್ಲೇ ಸಿಕ್ಕಿಕೊಳ್ಳುತ್ತದೆ, ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ನನ್ನ ಲೈಟಿನ ಉಸಿರಾಟ ಇದೇ.

ಇಲ್ಲೇ ಒಂದು ಮಾತು. ಇಂಥ ಗಾಡಿಯಲ್ಲಿ ಡೈನಮೋ ತಿರುಗಿಸುವ ಬೆಲ್ಟ್ ತುಂಡಾದರೆ ಚಾರ್ಜಿಂಗ್ ಮಾತ್ರ ಹೋಗುವುದಲ್ಲ, ಪಂಪ್ ನಿಂತು ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಬ್ಯಾಟರಿ ಲೈಟು ಹತ್ತಿದರೆ ‘ಮನೆಗೆ ಹೋಗಿ ನೋಡೋಣ’ ಅನ್ನಬೇಡಿ. ಚಿಕ್ಕ ಗೇರಿಗೆ ಹಾಕಿ, ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ತೆಗೆಯಿರಿ.

ಎಣ್ಣೆ ಕಂಡ ಮೇಲೂ ನಾನು ಮಾಡಿದ್ದು ದಡ್ಡತನ. ‘ನಿಮ್ದು ಮುಗ್ದಿದೆ, ಗುಜರಿದು ಒಂದು ತಂದು ಕೂರ್ಸಿ’ ಅಂತ ಯಾರೋ ಹೇಳಿದರು. ಶಿವಮೊಗ್ಗದಲ್ಲಿ 1,800ಕ್ಕೆ ಸಿಕ್ಕಿತು. ನೋಡಲು ಫಳಫಳ, ಸೀಮೆಎಣ್ಣೆಯಲ್ಲಿ ತೊಳೆದು ಬೆಳ್ಳಿ ಬಣ್ಣ ಹೊಡೆದಿದ್ದರು. ಹಾಕಿದ ದಿನ 14.1 ಬಂತು, ಅಲುಗಾಟ ಇಲ್ಲ. ಆದರೆ ಎಫ್.ಎಂ. ಹಾಕಿದರೆ ದುಂಬಿ ಸದ್ದು, ರೇಸ್ ಕೊಟ್ಟಷ್ಟೂ ಏರುವಂಥದ್ದು. ಮೀಟರನ್ನು ಎ.ಸಿ.ಗೆ ತಿರುಗಿಸಿ ಬ್ಯಾಟರಿಗೆ ಹಿಡಿದೆ. 0.9 ವೋಲ್ಟ್. ಡೈನಮೋದಲ್ಲಿ ಹುಟ್ಟುವುದು ಎ.ಸಿ.ಯೇ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು), ಒಳಗಿನ ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ. ಡಯೋಡ್ ಸರಿ ಇದ್ದರೆ 0.1ರ ಒಳಗೇ ಇರುತ್ತದೆ, 0.5 ದಾಟಿದರೆ ಒಂದಾದರೂ ಹೋಗಿದೆ ಅಂತ ಅರ್ಥ. ಎರಡು ದಿನ ಗಾಡಿ ನಿಲ್ಲಿಸಿದ್ದೆ, ಮೂರನೇ ಬೆಳಿಗ್ಗೆ ಸೆಲ್ಫ್ ಹೊಡೆದರೆ ನರಳಿತು. ಬ್ಯಾಟರಿ ಮೈನಸ್ ಬಿಚ್ಚಿ ನಡುವೆ ಮೀಟರ್ ಸೇರಿಸಿ ನೋಡಿದರೆ ಕೀ ತೆಗೆದಿದ್ದರೂ 0.8 ಆಂಪಿಯರ್ ಸೋರುತ್ತಿದೆ. ಎರಡು ದಿನಕ್ಕೆ 38 ಆಂಪಿಯರ್-ಅವರ್, ನನ್ನ 80ರ ಬ್ಯಾಟರಿಯ ಅರ್ಧಕ್ಕೆ ಹತ್ತಿರ. ಡೈನಮೋದ ದಪ್ಪ ವೈರು ಬಿಚ್ಚಿದ ತಕ್ಷಣ ಸೋರಿಕೆ 0.03ಕ್ಕೆ ಇಳಿಯಿತು. (ಹೀಗೆ ಮೀಟರ್ ಸೇರಿಸಿದಾಗ ಮರೆತು ಸೆಲ್ಫ್ ಹೊಡೆಯಬೇಡಿ. ನಾನು ಒಂದು ಫ್ಯೂಸ್ ಸುಟ್ಟುಕೊಂಡೇ ಕಲಿತೆ.)

ಅಂಗಡಿಯಲ್ಲಿ ಈ ಡಯೋಡ್ ವಿಷಯ ಹೇಳಿದರೆ, ಅಲ್ಲಿದ್ದ ಹುಡುಗ ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕೀಳಲು ಸ್ಪ್ಯಾನರ್ ಹಿಡಿದು ಬಂದ. ಗಾಡಿ ನಿಲ್ಲದಿದ್ದರೆ ಡೈನಮೋ ಒಳ್ಳೇದು ಅನ್ನುವ ಹಳೇ ಪರೀಕ್ಷೆ. ಬೇಡಪ್ಪಾ ಅಂದೆ. ಟರ್ಮಿನಲ್ ಕಿತ್ತ ಆ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ, ಉಳಿದ ಡಯೋಡ್ ಕೂಡ ಹೋಗಬಹುದು. ಇ.ಸಿ.ಯು. (ಇಂಜಿನ್ ನಡೆಸುವ ಕಂಪ್ಯೂಟರ್) ಇರುವ ಹೊಸ ಗಾಡಿಯಲ್ಲಿ ಮಾಡಿದರೆ ಕಥೆ ಇನ್ನೂ ದುಬಾರಿ.

ಕೊನೆಗೆ ನನ್ನ ಹಳೇ ಡೈನಮೋವನ್ನೇ ವೈಂಡಿಂಗ್ ಅಂಗಡಿಗೆ ಕೊಟ್ಟೆ. ಆಯಿಲ್ ಸೀಲ್, ಎರಡು ಬೇರಿಂಗ್, ಸ್ಲಿಪ್ ರಿಂಗ್ ಲೇತ್‌ನಲ್ಲಿ ನಯ ಮಾಡಿಸಿದ್ದು, ಮತ್ತೊಂದು ಜೊತೆ ಕಾರ್ಬನ್, ಕೂಲಿ ಸೇರಿ 1,600. 900ರ ರೆಗ್ಯುಲೇಟರ್ ಅದರಲ್ಲೇ ಇತ್ತು.

ಅಷ್ಟರಲ್ಲಿ ಭಾವ ತಮ್ಮ ಗಾಡಿಗೆ ಹೊಸದನ್ನೇ ಹಾಕಿಸಿದ್ದರು, ಪಂಪ್ ಸೇರಿ 9,500. ಒಂದು ಸಂಜೆ ಎರಡೂ ಗಾಡಿ ಅಂಗಳದಲ್ಲಿ ನಿಲ್ಲಿಸಿ, ಒಂದೇ ಮೀಟರಿನಲ್ಲಿ ನೋಡಿದೆವು. ಎಲ್ಲ ಲೋಡು ಹಾಕಿ ಐಡ್ಲಿಂಗ್‌ನಲ್ಲಿ ಅವರದು 13.8, ನನ್ನದು 13.5. ರೇಸ್ ಕೊಟ್ಟರೆ ಅವರದು 14.2, ನನ್ನದು 14.1. ಎ.ಸಿ. ಅವರದು 0.03, ನನ್ನದು 0.06. ಆದರೆ ಅರ್ಥ್ ಪರೀಕ್ಷೆಯಲ್ಲಿ ಅವರದು 0.35 ಬಂತು! 9,500 ಕೊಟ್ಟವರ ಮುಖ ನೋಡಬೇಕಿತ್ತು. ಮಾರನೇ ದಿನವೇ ಕೇಬಲ್ ತಂದರು.

ವಾರಕ್ಕೆ ಐದು ರಾತ್ರಿ ಬಾಡಿಗೆ ಓಡಿಸುವ ಭಾವನಿಗೆ ಹೊಸದೇ ಸರಿ. ದಾರಿಯಲ್ಲಿ ಒಮ್ಮೆ ನಿಂತರೆ ಅವರಿಗೆ ಆಗುವ ನಷ್ಟ ಬೇರೆ. ವಾರಕ್ಕೆರಡು ಸಲ ಹೋಗುವ ನನ್ನಂಥವನಿಗೆ ಅರ್ಥ್ ಕೇಬಲ್, ಆಮೇಲೆ ಸೀಲ್ ಸಮೇತ ಹಳೇದರ ರಿಪೇರಿ ಸಾಕು. ಸೀಲ್ ಬಿಟ್ಟು ಕಾರ್ಬನ್ ಮಾತ್ರ ಹಾಕಿಸುವುದು ಮೂರು ವಾರದ ಸಮಾಧಾನ. ಗುಜರಿಯದನ್ನು ಯಾರಿಗೂ ಹೇಳುವುದಿಲ್ಲ. ತರಲೇಬೇಕಾದರೆ ಅಲ್ಲೇ ಹಾಕಿಸಿ, ಎ.ಸಿ. ನೋಡಿ, ಆಮೇಲೆ ಕಾಸು ಕೊಡಿ.

ಈ ಮಳೆಗಾಲ ಶುರುವಾಗಿ ಒಂದು ತಿಂಗಳಾಯಿತು. ವೈಪರ್ ಒಂದೇ ಸಮ ಓಡುತ್ತಿದೆ. ಹಾರ್ನ್ ಒತ್ತಿದರೆ ಮಾತ್ರ ಲೈಟು ಒಂಚೂರು ಕುಗ್ಗುತ್ತದೆ, ಬ್ಯಾಟರಿ ತುದಿಯಲ್ಲಿ ವೋಲ್ಟೇಜ್ ಕದಲುವುದಿಲ್ಲ. ಸ್ವಿಚ್ಚಿನ ಕಡೆ ಎಲ್ಲೋ ಇರಬೇಕು. ಮಳೆ ಬಿಟ್ಟ ಒಂದು ಭಾನುವಾರ ನೋಡಬೇಕು.